ಅಂಗೈ ಮೇಲಿನ ಅರ್ಧ ಚಮಚ ಶೀರಾ

ಫೋರ್ಟ್ ಏರಿಯಾದಲ್ಲಿ ರಮಾನಾಥರ ಹೋಟೆಲು. ಅಲ್ಲಿ ಅಂಗಾರ ಮೂವತ್ತೊಂದು ವರ್ಷ ರವೆಯ ಶೀರಾ ಮಾಡಿದವ. ಬ್ಯಾಂಕಿನವರೂ ಕೋರ್ಟಿನವರೂ ಹತ್ತು ಗಂಟೆಯೊಳಗೆ ಖಾಲಿ ಮಾಡಿ ಹೋಗುತ್ತಿದ್ದ ಶೀರಾ ಅದು. ಪ್ರತಿ ಬಾಣಲೆ ಇಳಿಸುವಾಗ ಅರ್ಧ ಚಮಚ ಎಡ ಅಂಗೈಗೆ ಹಾಕಿಕೊಂಡು ಬಾಯಿಗೆ ಒಯ್ಯುವುದು ಅವನ ಪದ್ಧತಿ. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾದರೂ ಅದು ಬದಲಾಗಲಿಲ್ಲ. ಹೆಂಡತಿ ಶೀಲಾವತಿ ಬೈದರೆ, "ತಿನ್ನುವುದಲ್ಲ ಮಾರಾಯ್ತಿ, ರುಚಿ ನೋಡುವುದು. ಅದು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದ. ಅಯ್ಯೋ ಪುಣ್ಯಾತ್ಮ! ದಿನಕ್ಕೆ ಎಂಟು ಬಾಣಲೆ, ಮೇಲಿಂದ ಚಹಾದ ರುಚಿ ಬೇರೆ. ಮೈಗೆ ಗೊತ್ತಾಗದೆ ಇರುತ್ತದೆಯೇ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಒಲೆಯೆದುರು ಮೈಯೆಲ್ಲ ಬೆವರಿತು, ಉಸಿರು ಕಟ್ಟಿತು. ಎದೆನೋವು ಮಾತ್ರ ಇಲ್ಲ. ಗ್ಯಾಸ್ ಎಂದು ಸೋಡಾ ಕುಡಿದು ಮತ್ತೆರಡು ಬಾಣಲೆ ಇಳಿಸಿದ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಮಂಕು ಮಾಡಿ ಹಾರ್ಟ್ ಅಟ್ಯಾಕಿನ ನೋವನ್ನೂ ಮುಚ್ಚಿಡಬಹುದೆಂದು ಅವನಿಗೇನು ಗೊತ್ತು? ಕೊನೆಗೆ ರಮಾನಾಥರೇ ಬೈದು ಆಸ್ಪತ್ರೆಗೆ ಟ್ಯಾಕ್ಸಿ ಹತ್ತಿಸಿದರು.

ಅದೇ ದಿನ ಪಕ್ಕದ ಬೆಡ್ಡಿಗೆ ಬಂದವನು ವಡಾಲದ ದೂಜ. ಅವನಿಗೂ ಹಾರ್ಟ್ ಅಟ್ಯಾಕೇ, ಆದರೆ ಸಕ್ಕರೆ ಇಲ್ಲ. ಒಂದೇ ಬ್ಲಾಕ್, ಒಂದು ಸ್ಟೆಂಟ್. ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದ. ಅಂಗಾರನಿಗೆ ಹೊಟ್ಟೆ ಉರಿಯಿತು. ಅವನದೋ, ಹೃದಯದ ಮೂರೂ ರಕ್ತನಾಳಗಳು ಉದ್ದಕ್ಕೂ ಕಟ್ಟಿಕೊಂಡಿದ್ದವು. ಸಕ್ಕರೆ ಇಷ್ಟು ವರ್ಷ ಒಳಗೊಳಗೇ ಕೆಲಸ ಮಾಡಿದೆ, ಬೈಪಾಸೇ ಆಗಬೇಕು ಎಂದರು ಡಾಕ್ಟರು.

ಬೈಪಾಸ್ ಆಗಿ ನಾಲ್ಕು ತಿಂಗಳು. ಚೆಂಬೂರಿನ ಮನೆಯ ಕಿಟಕಿಯಲ್ಲಿ ಕೂತವನಿಗೆ ಬೇಕಾದದ್ದು ಆ ಒಲೆಯೊಂದೇ. ತುಪ್ಪದಲ್ಲಿ ರವೆ ಹುರಿಯುವ ಪರಿಮಳ ನೆನಪಾದರೆ ಸಾಕು, ಎದ್ದು ಅಡಿಗೆಮನೆಯ ಬಾಗಿಲವರೆಗೆ ಹೋಗಿ ಬರುತ್ತಿದ್ದ. ಸೋಮವಾರದಿಂದ ಬೆಳಿಗ್ಗೆ ಎರಡು ಗಂಟೆ ಹೊತ್ತು ಬಂದರೆ ಸಾಕೆಂದು ರಮಾನಾಥರು ಫೋನ್ ಮಾಡಿದ್ದರು. ಡಾಕ್ಟರೂ ಹೂಂ ಅಂದಿದ್ದರು. ಶೀಲಾವತಿಯದ್ದೇ ಹಟ.

"ಬಾಯಿಗೆ ಹಾಕದೆ ಮಾಡ್ಲಿಕ್ಕಾಗ್ತದಾ ನಿಮಗೆ? ಮೊದಲು ನನ್ನೆದುರು ಮಾಡಿ ತೋರಿಸಿ. ಆಮೇಲೆ ಹೋಗಿ."

ಭಾನುವಾರ ಮಾಡಿಯೇ ಬಿಟ್ಟ. ಬಾಣಲೆ ಇಳಿಸಿದ್ದೇ ತಡ, ಅರ್ಧ ಚಮಚ ಅಂಗೈಗೆ ಬಂತು. ಕೈ ತಾನಾಗಿಯೇ ತುಟಿಯವರೆಗೆ ಏರಿತು. ಶೀಲಾವತಿ ಉಸಿರು ಬಿಗಿಹಿಡಿದು ನಿಂತಳು. ಅಂಗಾರ ಕಣ್ಣು ಮುಚ್ಚಿದ, ತೆರೆದ, ಆ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿದ. ಹೋಟೆಲಿನಿಂದ ಕಟ್ಟಿಸಿ ತಂದ ತಣ್ಣನೆಯ ಶೀರಾ ಅವಳು ಎಷ್ಟೋ ತಿಂದಿದ್ದಳು. ಬಿಸಿಬಿಸಿಯಾಗಿ ತಿಂದದ್ದು ಇದೇ ಮೊದಲು.

"ಹೇಗುಂಟು?"

"ಸಿಹಿ ಒಂಚೂರು ಜಾಸ್ತಿ."

"ಹಾಗಾದ್ರೆ ಸರಿ ಉಂಟು. ಆರಿದ ಮೇಲೆ ಸಮ ಆಗ್ತದೆ."

ಅವಳ ಕಣ್ಣು ತುಂಬಿತ್ತು. "ಇಷ್ಟು ರುಚಿ ಉಂಟಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಸುಮ್ಮನೆ ಬೈತಿದ್ದೆ."

ಆದರೂ ಅವನನ್ನು ನಂಬಲಿಲ್ಲ. ನಲ್ಲಿಯಡಿ ಕೈ ಹಿಡಿದು ತಾನೇ ತಿಕ್ಕಿ ತೊಳೆದು, "ನಾಳೆ ಹೋಗಿ" ಎಂದಳು.

ಅಂಗಾರ ಕಿಟಕಿಯ ಹತ್ತಿರ ಹೋಗಿ ಕೂತ. ಅಂಗೈಯಲ್ಲಿ ಏಲಕ್ಕಿಯ ವಾಸನೆ ಇನ್ನೂ ಉಳಿದಿತ್ತು. ಅದು ಹೋಗುವವರೆಗೂ ಅವನು ಕೈಯನ್ನು ಮೂಗಿನ ಹತ್ತಿರವೇ ಹಿಡಿದುಕೊಂಡಿದ್ದ.