ಐವರೀನಕ್ಕನ ಬರೀ ತಾಳ
ಕಿಂಗ್‌ಸ್ಟನ್ನಿನ ನಮ್ಮ ಗಲ್ಲಿಯಲ್ಲಿ ಐವರೀನಕ್ಕ ಹೊಸ ತಾಳ ಕಟ್ಟಿದಳೆಂದರೆ ತಗಡಿನ ಬೇಲಿಗಳು ನಡುಗಬೇಕು, ಪಕ್ಕದ ಮನೆಯ ಅನ್ನದ ಪಾತ್ರೆ ಒಲೆ ಬಿಟ್ಟಿಳಿಯಬೇಕು. ಇಲ್ಲದಿದ್ದರೆ ಅದು ನಮ್ಮ ಬೀದಿ ಕುಣಿತದ ಡ್ಯಾನ್ಸ್‌ಹಾಲ್ ಸಂಗೀತಕ್ಕೆ ಲಾಯಕ್ಕಿಲ್ಲ ಎಂದೇ ಅವಳ ತೀರ್ಮಾನ. ಆ ಒಂದೇ ತಾಳಕ್ಕೆ ಹತ್ತು ಮಂದಿ ಹತ್ತು ಹಾಡು ಹಾಡಿದರೆ ಒಂದು ಆಲ್ಬಮ್. ಯಾರಾದರೂ ಮೆರೆದರೆ, "ತಾಳ ನಿಮ್ಮಪ್ಪಂದಲ್ಲ ಕಣೋ, ಸಾಲಲ್ಲಿ ನಿಲ್ಲು" ಎಂದು ಗದರುತ್ತಾಳೆ. ಈ ಸಲ ವರ್ನೆಲ್ ಎಂಬ ಹುಡುಗಿ, ಹೋಟೆಲ್ ಕಟ್ಟಲು ನಮ್ಮ ಗಲ್ಲಿ ಕೆಡವಹೊರಟವರನ್ನು ಹೆಸರು ಹಿಡಿದು ಬೈದು ಹಾಡಿದಳು. ವಾರವಿಡೀ ಬೀದಿ ಕುಣಿತದಲ್ಲಿ ಅದೇ ಹಾಡು. ರೇಡಿಯೋದವನು ಬಂದು, "ಅದನ್ನ ಕಿತ್ತುಹಾಕಿ, ಇಲ್ಲಾಂದ್ರೆ ಆಲ್ಬಮ್ಮೇ ಹಾಕಲ್ಲ" ಅಂದ. ಅಕ್ಕ ತಕ್ಷಣ ಕಿತ್ತಳು. "ಹೆದರಿಬಿಟ್ಯಲ್ಲಕ್ಕಾ, ಥೂ!" ಅಂದಳು ವರ್ನೆಲ್. "ಬಾಯ್ಮುಚ್ಚೇ. ಆಲ್ಬಮ್ ಕೊನೇಲಿ ಯಾರ ದನಿಯೂ ಇಲ್ದೆ ಬರೀ ತಾಳ ಬಿಡೋದು ನಮ್ಮ ಪದ್ಧತಿ ತಾನೆ? ಅದರಲ್ಲಿ ಏನ್ ಕೀಳ್ತಾನೆ ಅವ್ನು?" ಸೋಮವಾರ ರೇಡಿಯೋದಲ್ಲಿ ಆ ಬರೀ ತಾಳ ಬಂತು. ಕ್ಷೌರದಂಗಡಿಯಲ್ಲಿ ಅರ್ಧ ತಲೆ ಬೋಳಾಗಿ ಕೂತವನಿಂದ ಹಿಡಿದು ಮೀನು ಕರಿಯುವವಳವರೆಗೆ ಇಡೀ ಗಲ್ಲಿ ಅದರ ಮೇಲೆ ವರ್ನೆಲ್ಲಳ ಹಾಡನ್ನು ಬೈಗುಳ ಸಮೇತ ಹಾಡಿತು. ಜಾಗ ಅಳೆಯಲು ಬಂದಿದ್ದ ಹೋಟೆಲ್ಲಿನವರು ತಮ್ಮ ಹೆಸರು ಬಂದಾಗಲೆಲ್ಲ ಟೇಪು ಬಿಟ್ಟು ತಲೆಯೆತ್ತುತ್ತಿದ್ದರು.