ಬೇವರ್ಸಿ ಅನ್ನುವುದನ್ನು ನಿಲ್ಲಿಸಿದ ಮೇಲೆ

ಒಂದು ಕಡೆ ಕೂತು ನನಗೆ ಗೊತ್ತಿಲ್ಲ. ಹನಿ ನೀರಾವರಿ ಪೈಪು ಮಾರುವ ಕೆಲಸ. ಬೆಳಗ್ಗೆ ಮಧುಗಿರಿಯಲ್ಲಿ ಬೈಕ್ ಹತ್ತಿದರೆ ಕೊರಟಗೆರೆ, ಶಿರಾ, ಪಾವಗಡ ಎಂದು ಸುತ್ತುತ್ತಲೇ ಇರುತ್ತೇನೆ. ರಜೆಯ ದಿನವೂ ಸುತ್ತುತ್ತೇನೆ, ಹೆಂಡತಿಯ ದೂರು ಅದೇ. ತಲೆಗೆ ಏನಾದರೂ ಹೊಕ್ಕರಂತೂ ಮುಗಿಯಿತು. ಹೋದ ವರ್ಷ ಹೊಕ್ಕಿದ್ದು ಒಂದು ಬೈಗುಳ.

ಕೊಡಿಗೇನಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಹೈಸ್ಕೂಲಿನಿಂದ ಜೊತೆ. ನಾವಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ‘ಲೇ ಬೇವರ್ಸಿ, ಎಲ್ಲಿ ಸತ್ತಿದ್ಯೋ’ ಅಂದರೆ ಹೇಗಿದ್ದೀಯ ಎಂದರ್ಥ. ನಮ್ಮ ಕಡೆ ಗಂಡಸರು ಹತ್ತಿರವಾದಷ್ಟೂ ಬೈಗುಳ ಜಾಸ್ತಿ. ಮರ್ಯಾದೆ ಕೊಟ್ಟು ಮಾತಾಡಿದರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಹೆರಿಗೆಗೆ ಬಂದಿದ್ದ ಮಗಳು ನಾನು ಫೋನಿನಲ್ಲಿ ಅವನನ್ನು ಹಾಗೆ ಕರೆದದ್ದು ಕೇಳಿ ನಕ್ಕಳು. ‘ಅಪ್ಪಾಜಿ, ಅಂಗಂದ್ರೇನು?’

‘ಅಂಗಂದ್ರೆ ಅಂಗೇ ಕಣಮ್ಮ’ ಅಂದೆ. ಗೊತ್ತಿದ್ದರಲ್ಲವೇ ಹೇಳುವುದು. ಅರ್ಧ ಶತಮಾನ ಬಾಯಲ್ಲಿಟ್ಟುಕೊಂಡ ಮಾತಿಗೆ ಅರ್ಥ ಗೊತ್ತಿಲ್ಲವಲ್ಲ ಎಂದು ಮೈಯೆಲ್ಲ ಕಡಿದ ಹಾಗಾಯಿತು.

ಮಾರನೆಯ ದಿನದಿಂದ ಹೋದ ಕಡೆಯೆಲ್ಲ ಕೇಳತೊಡಗಿದೆ. ಕೊರಟಗೆರೆಯ ಹೋಟೆಲಿನವನು ಲೋಟ ತೊಳೆಯುತ್ತಲೇ ತೀರ್ಪು ಕೊಟ್ಟ: ‘ಆ ಮಾತಿನೊಳಗೇ ಬೆವರು ಐತಲ್ಲಣ್ಣ. ಬೆವರು ಸುರಿಸ್ದೇ ಇರೋ ಸೋಂಬೇರಿ ಅಂತ.’ ಪಾವಗಡದಾಚೆ ಬಲಸಮುದ್ರದ ರೈತನೊಬ್ಬ, ‘ಅದಿ ಮಾ ತೆಲುಗು ಮಾಟ ಸಾರ್’ ಎಂದು ಹಕ್ಕು ಸಾಧಿಸಿದ. ಅರ್ಥ ಕೇಳಿದರೆ ಪಕ್ಕದಲ್ಲಿ ನಿಂತಿದ್ದ ಬಾಮೈದನ ಕಡೆ ಬೆರಳು ತೋರಿಸಿದ. ಎಲ್ಲರಿಗೂ ನಗು. ನಾನೂ ನಕ್ಕೆ, ಆದರೆ ಕಡಿತ ನಿಲ್ಲಲಿಲ್ಲ.

ಶಿರಾದ ಗೊಬ್ಬರದ ಅಂಗಡಿಯ ಮುಂದೆ ದಿನವೂ ಪೇಪರ್ ಓದುತ್ತಾ ಕೂರುವ ನಿವೃತ್ತ ಉರ್ದು ಮೇಷ್ಟ್ರು ಮಾತ್ರ ನಗಲಿಲ್ಲ. ‘ಬೇ ಅಂದ್ರೆ ಇಲ್ಲ. ವಾರಿಸ್ ಅಂದ್ರೆ ವಾರಸುದಾರ. ಮಕ್ಕಳು ಮರಿ ಇಲ್ದೆ ಯಾರಾದ್ರೂ ಸತ್ರೆ ಅವರ ಮನೆ, ಸಾಮಾನು ಬೇವಾರಿಸ್ ಆಯ್ತು ಅಂತಿದ್ರು ಹಿಂದೆ’ ಅಂದರು. ಆಮೇಲೆ ಪೇಪರ್ ಮಡಚಿ, ‘ಯಾಕೆ, ಯಾರಾದ್ರೂ ಬೈದ್ರಾ?’ ಎಂದು ಕೇಳಿದರು.

ಬೈದವನು ನಾನೇ ಎಂದು ಹೇಳಲಾಗಲಿಲ್ಲ. ನನ್ನ ಗೆಳೆಯನಿಗೆ ಮಕ್ಕಳಿಲ್ಲ. ಗಂಡ ಹೆಂಡತಿ ಹಿಂದೂಪುರ, ತುಮಕೂರು ಎಂದು ಎಷ್ಟೋ ವರ್ಷ ಆಸ್ಪತ್ರೆ ಅಲೆದರು. ಒಮ್ಮೊಮ್ಮೆ ಜೊತೆಗೆ ನಾನೂ ಹೋಗಿದ್ದೆ. ಆ ಆಸ್ಪತ್ರೆಗಳ ಬಾಗಿಲಲ್ಲಿ ನಿಂತೇ ಅವನನ್ನು ಹಾಗೆ ಕೂಗಿದ್ದೆ, ಅವನ ಹೆಂಡತಿಯ ಎದುರಿಗೇ. ವಾರಸುದಾರ ಎಂಬ ಮಾತನ್ನು ರೈತರ ಎಷ್ಟು ಸಬ್ಸಿಡಿ ಅರ್ಜಿಗಳಲ್ಲಿ ಬರೆದಿಲ್ಲ ನಾನು! ಒಂದು ಸಲವೂ ಹೊಳೆದಿರಲಿಲ್ಲ. ವಿಪರೀತ ನಾಚಿಕೆಯಾಯಿತು.

ಅಂದಿನಿಂದ ಆ ಮಾತು ಬಿಟ್ಟೆ. ‘ಏನಪ್ಪಾ, ಚೆನ್ನಾಗಿದ್ದೀಯಾ’ ಎಂದು ಶುರುಮಾಡಿದೆ. ಅವನು ಮೊದಮೊದಲು ನಕ್ಕ, ಆಮೇಲೆ ಫೋನಿನ ಮಾತು ಚಿಕ್ಕದಾಯಿತು. ಮಗಳಿಗೆ ಗಂಡು ಮಗು ಹುಟ್ಟಿತು. ಊರಿಗೆಲ್ಲ ಸಿಹಿ ಹಂಚಿದವನು ಅವನಿಗೆ ಮಾತ್ರ ಹೇಳಲಿಲ್ಲ. ನೊಂದುಕೊಳ್ಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಕೊಡಿಗೇನಹಳ್ಳಿಯ ಕೆಲಸವನ್ನೆಲ್ಲ ನಾಳೆ ನಾಳೆ ಎಂದು ತಳ್ಳಿದೆ. ರಾತ್ರಿ ನಿದ್ದೆಯಿಲ್ಲ, ಹಗಲು ಸುಮ್ಮನೆ ಬೈಕ್ ಓಡಿಸಿದ್ದೇ ಓಡಿಸಿದ್ದು.

ನಾಮಕರಣಕ್ಕೆ ಎರಡು ದಿನ ಇರುವಾಗ ತಡೆಯಲಾರದೆ ಹೋದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಪೇಡದ ಡಬ್ಬಿ ಮುಂದಿಟ್ಟು, ‘ನೀವಿಬ್ಬರೂ ತಪ್ಪದೆ ಬರಬೇಕಪ್ಪಾ’ ಅಂದೆ. ಅವನು ತಲೆ ಎತ್ತಲಿಲ್ಲ. ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ಬಂದಳು. ಕೈಯಲ್ಲಿ ಮಗುವಿಗೆಂದು ಹೊಲಿದ ಕುಲಾವಿ.

‘ಮಗು ಆಯ್ತು ಅಂತ ಬಸ್ಸಿನೋರು ಹೇಳಿದ್ರಣ್ಣ. ಅವತ್ತೇ ಹೊಲ್ದಿಟ್ಟಿದ್ದೆ, ನೀವೇ ಬರ್ಲಿಲ್ಲ’ ಅಂದಳು.

ಶಿರಾದ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿ, ತಪ್ಪಾಯ್ತು ಅಂದೆ. ಅವನು ಟ್ಯೂಬು ಕೆಳಗಿಟ್ಟು ಎದ್ದ.

‘ಅದರರ್ಥ ನಂಗೊತ್ತಿಲ್ಲ ಅಂದ್ಕಂಡಿದ್ದೇನ್ಲಾ? ಆಸ್ಪತ್ರೆ ತಿರುಗೋವಾಗ್ಲೇ ಯಾರೋ ಹೇಳಿದ್ರು. ಎಲ್ರೂ ನಮ್ಮನ್ನ ಕಂಡು ಅಯ್ಯೋ ಅಂತಿದ್ರು. ನೀನೊಬ್ನೇ ಬೇವರ್ಸಿ ಅಂತಿದ್ದೆ. ನೀನು ಅನ್ನೋದು ನಿಲ್ಲಿಸ್ದ ಮ್ಯಾಲೇ ಕಣ್ಲಾ, ನಂಗೆ ಮಕ್ಳಿಲ್ಲ ಅನ್ನೋದು ಎದೆಗೆ ಬಿದ್ದಿದ್ದು.’

ನಾನು ಡಬ್ಬಿ ತೆರೆದು ಪೇಡ ಅವನ ಮುಂದೆ ಹಿಡಿದೆ.

‘ಈಗ ಅನ್ನು’ ಅಂದ.

ಅವನ ಹೆಂಡತಿ ಕುಲಾವಿ ಹಿಡಿದು ಅಲ್ಲೇ ನಿಂತಿದ್ದಳು. ಇಬ್ಬರೂ ಕಾಯುತ್ತಿದ್ದರು. ಬಾಯಿ ತೆರೆದೆ. ನನ್ನಿಂದ ಆಗಲಿಲ್ಲ.