ಮೊಟ್ಟೆ ತುಂಬಿದ ಕೆಂಡೆ ಮೀನು

ಜೂನ್ ತಿಂಗಳ ಒಂದು ಭಾನುವಾರ ನಾನು ಮಾಡಿದ ಮೀನುಸಾರಿನಲ್ಲಿ ಮೀನೇ ಇರಲಿಲ್ಲ.

ದೊಡ್ಡ ಕೆಂಡೆಯನ್ನೇ ಹಾಕಿದ್ದೆ, ನಿಜ. ಎರಡು ಕುದಿ ಬರುವಷ್ಟರಲ್ಲಿ ತುಂಡುಗಳೆಲ್ಲ ಬಿಟ್ಟುಕೊಂಡು ಗಂಜಿಯಾದವು. ಗಟ್ಟಿಯಾಗಿ ಉಳಿದಿದ್ದು ಮೊಟ್ಟೆಯ ಗಡ್ಡೆ ಮಾತ್ರ. (ಇಪ್ಪತ್ತು ವರ್ಷದಿಂದ ಮೀನು ಮಾಡುತ್ತಿದ್ದೇನೆ, ನಗಬೇಡಿ.)

ನನ್ನ ಮನೆಯ ಸಾರಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮಾಡಿದ್ದು ಜೂಜುವಾಡಿಯಲ್ಲಿ, ತಂಗಿ ರತ್ನಳ ಮನೆಯಲ್ಲಿ. ಅವಳಿಗೆ ಆಗ ಎಂಟು ತಿಂಗಳು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ವೈರ್ ಜೋಡಿಸುವ ಕೆಲಸ. ಪಾದ ಊದಿತ್ತು, ಕೆನ್ನೆ ಒಳಗೆ ಹೋಗಿತ್ತು. ಮೈಯಲ್ಲಿ ಪ್ರೋಟೀನೇ ಇಲ್ಲ, ಏನು ತಿನ್ನಿಸುತ್ತಿದ್ದೀರಿ ಎಂದು ಡಾಕ್ಟರಮ್ಮ ನನ್ನನ್ನು ಗದರಿದ್ದರು.

ಅದಕ್ಕೇ ಮೀನು. ಕೃಷ್ಣಗಿರಿ ಡ್ಯಾಮಿನ ಮೀನು ತಂದು ನಮ್ಮ ಬೀದಿ ತುದಿಯಲ್ಲಿ ಮಾರುವ ಕಾವೇರಮ್ಮನ ಬಳಿ ಹೋಗಿ, ಹೊಟ್ಟೆ ಉಬ್ಬಿದ್ದನ್ನೇ ಆರಿಸಿದೆ. ಅದು ಬೇಡ, ಈ ತೆಳ್ಳಗಿನದು ತಗೋ ಎಂದು ಆಕೆ ಎರಡು ಸಲ ಹೇಳಿದಳು. ಒಳ್ಳೆಯದನ್ನು ಬೇರೆ ಯಾರಿಗೋ ಎತ್ತಿಡುತ್ತಿದ್ದಾಳೆ ಅಂದುಕೊಂಡೆ. ನಾವು ಜಾಣರಲ್ಲವೇ?

ರತ್ನ ಆ ಮೊಟ್ಟೆಯನ್ನಾದರೂ ತಿಂದಳೇ? ಅರ್ಧ ಗಂಡನ ತಟ್ಟೆಗೆ, ಅರ್ಧ ದೊಡ್ಡ ಮಗಳ ತಟ್ಟೆಗೆ. ತಾನು ಮುದ್ದೆಗೆ ಬರೀ ಸಾರು ಹಾಕಿಕೊಂಡಳು. (ಗಂಡ ಕೆಟ್ಟವನಲ್ಲ. ಬಡಿಸಿದ್ದನ್ನು ತಿಂದ, ಅಷ್ಟೆ.) ಕೇಳುತ್ತಾ ಹೋದಂತೆ ಒಂದೊಂದೇ ಹೊರಬಿತ್ತು. ಲೈನ್ ಬಿಟ್ಟು ಟಾಯ್ಲೆಟ್‌ಗೆ ಹೋದರೆ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾನೆಂದು ಶಿಫ್ಟ್ ಮುಗಿಯುವವರೆಗೆ ನೀರಿಲ್ಲ, ಊಟವೂ ಇಲ್ಲ. ಹೆರಿಗೆ ಸಲೀಸಾಗಲೆಂದು ಸೋಮವಾರ, ಶನಿವಾರ ಒಪ್ಪೊತ್ತು.

"ಮಗಾ ಚೆನ್ನಾಗಿ ಬೆಳೀತಾ ಐತಂತೆ ಕಣಕ್ಕ, ಸ್ಕ್ಯಾನಲ್ಲಿ ಬಂದೈತೆ. ನಂದೇನು ಬುಡು," ಎಂದಳು.

ಮುಂದಿನ ಭಾನುವಾರ ಕಾವೇರಮ್ಮನ ಬಳಿ ಜಗಳಕ್ಕೇ ಹೋದೆ. ಕೊಳೆತ ಮೀನು ಕೊಟ್ಟೆ ಅಂದೆ. ಆಕೆಗೆ ಕೋಪ ಬರಲಿಲ್ಲ.

"ಕೊಳೆತಿರ್ಲಿಲ್ಲಮ್ಮ. ಮೊಟ್ಟೆ ಕಟ್ಟೋವಾಗ ಅದು ಸರ್ಯಾಗಿ ಮೇಯಾಕಿಲ್ಲ. ಮೊದ್ಲು ಕೊಬ್ಬು ಕರಗ್ತದೆ, ಆಮೇಲೆ ಮಾಂಸ. ಮೈಯಾಗಿರೋದ್ನೆಲ್ಲಾ ಮೊಟ್ಟೆಗೆ ಸುರ್ದುಬುಡ್ತದೆ. ಚರ್ಮದೊಳಗೆ ಉಳಿಯಾದು ನೀರು. ಅದ್ಕೇ ಬ್ಯಾಡ ಅಂದಿದ್ದು."

ಮೊಟ್ಟೆ ಇಟ್ಟ ಮೇಲೆ ಮತ್ತೆ ಮೈ ತುಂಬಿಕೊಳ್ಳುತ್ತದಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಮೇವು ಸಿಕ್ರೆ ತುಂಬ್ಕೋತದೆ," ಎಂದಳು.

ಮೀನಿಗೆ ಅದು ಕಾಲಕಾಲಕ್ಕೆ ಬರುವ ಉಪವಾಸ. ಮೊಟ್ಟೆ ಇಟ್ಟರೆ ಮುಗಿಯಿತು, ಮತ್ತೆ ಮೇಯಲು ಹೋಗುತ್ತದೆ. ರತ್ನಳ ಉಪವಾಸ ಮುಗಿಯುವುದು ಯಾವಾಗ?

ಮೂರು ವಾರಕ್ಕೆ ಹೆರಿಗೆಯಾಯಿತು. ಗಂಡುಮಗು, ಗುಂಡಗಿದೆ. ರತ್ನಳಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಮಂಚದಿಂದ ಬಾಗಿಲವರೆಗೆ ನಡೆಯಲು ಗೋಡೆ ಹಿಡಿಯುತ್ತಿದ್ದಳು. ಬಾಣಂತನಕ್ಕೆ ನಮ್ಮ ಮನೆಗೆ ಕರೆದೆ, ಬರಲಿಲ್ಲ. ನಾನೂ ಹೆಚ್ಚು ಒತ್ತಾಯಿಸಲಿಲ್ಲ. ಇಲ್ಲಿ ಸುಳ್ಳು ಬರೆಯಲಾರೆ.

ಈಗ ಮಗುವಿಗೆ ಎರಡು ತಿಂಗಳು. ಇನ್ನೂ ತಡಮಾಡಿದರೆ ಜಾಗಕ್ಕೆ ಬೇರೆಯವರು ಬರುತ್ತಾರೆಂದು ರತ್ನ ಹೋದ ವಾರ ಲೈನಿಗೆ ಮರಳಿದ್ದಾಳೆ. ಎದೆಹಾಲು ಕಡಿಮೆಯಾಗುತ್ತಿದೆ. ಹಾಲು ನಿಲ್ಲದಿರಲೆಂದು ಶುಕ್ರವಾರವೂ ಒಪ್ಪೊತ್ತು ಹಿಡಿದಿದ್ದಾಳೆ. ನಾನು ಕೂಗಾಡಿದೆ, ಅತ್ತುಬಿಟ್ಟೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಶಿಫ್ಟ್ ಬಸ್ಸಿಗೆ ಓಡಿದಳು.

ಹೆರಿಗೆಯಾದಾಗ ಆಸ್ಪತ್ರೆಗೆ ಬಂದವರೆಲ್ಲ ಮಗು ಎಷ್ಟು ತೂಕ ಎಂದು ಕೇಳಿದ್ದರು. ಮೊದಲು ಕೇಳಿದವಳು ನಾನೇ.

ರತ್ನ ಎಷ್ಟು ತೂಕ ಇದ್ದಾಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.